ಉತ್ತರ ಸಮುದ್ರದ ಸೈಕಲ್ ದಾರಿ: ಕೂಡಿದ್ದು, ಕಡಿದದ್ದು

ಸೈಕಲ್ಲಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯಂತ್ರದಿಂದ ಆರಂಭಿಸುತ್ತಾರೆ. 1817ರಲ್ಲಿ ಜರ್ಮನಿಯ ಡ್ರೈಸ್ ಎಂಬಾತ ಕಾಲಿನಿಂದ ನೆಲ ಒದ್ದು ಓಡಿಸುವ ಮರದ ಗಾಡಿ ಮಾಡಿದ್ದು, 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಸರಪಣಿ ಜೋಡಿಸಿದ 'ರೋವರ್' ಸೈಕಲ್ ತಂದದ್ದು, 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದದ್ದು ಇವೆಲ್ಲ ಮಕ್ಕಳ ಪುಸ್ತಕಗಳಲ್ಲಿಯೂ ಸಿಕ್ಕುತ್ತವೆ. ಆದರೆ ಯಂತ್ರ ಇದ್ದ ಮಾತ್ರಕ್ಕೆ ದೂರದ ಪ್ರಯಾಣ ಸಾಗುವುದಿಲ್ಲ. ಎಲ್ಲಿ ತಿರುಗಬೇಕು, ಯಾವ ಇಳಿಜಾರಿನಲ್ಲಿ ಸೈಕಲ್ಲಿಂದ ಇಳಿದು ನಡೆಯಬೇಕು, ಹೊಳೆ ಬಂದರೆ ದಾಟಿಸುವವರು ಯಾರು ಎಂಬುದನ್ನು ಹೇಳುವವರಿರಬೇಕು. ಆದ್ದರಿಂದ ನಾವು ಈ ಲೇಖನವನ್ನು ಯಂತ್ರದಿಂದಲ್ಲ, ದಾರಿ ತೋರುವ ಫಲಕದಿಂದ ಆರಂಭಿಸುತ್ತೇವೆ.

ಯೂರೋಪಿನಲ್ಲಿ ಉತ್ತರ ಸಮುದ್ರ ಎಂದು ಕರೆಯುವ ಕಡಲೊಂದಿದೆ. ಅದರ ಪಡುವಣ ದಂಡೆಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್. ಮೂಡಣ ದಂಡೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್. ಅದರಾಚೆಗೆ ಸ್ವೀಡನ್ನಿನ ಪಶ್ಚಿಮ ಕರಾವಳಿ, ಕೊನೆಗೆ ನಾರ್ವೆ. ಈ ಕಡಲನ್ನು ಬಳೆಯಂತೆ ಸುತ್ತುವ ಸೈಕಲ್ ದಾರಿಯೊಂದು 2001ರಲ್ಲಿ ಉದ್ಘಾಟನೆಯಾಯಿತು. ಆಗ ಅದರ ಉದ್ದ ಸುಮಾರು 6,000 ಕಿಲೋಮೀಟರು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಮರಳಿ ಬರುವುದಕ್ಕೆ ಹೆಚ್ಚುಕಡಿಮೆ ಸಮ ಎನ್ನಬಹುದು. ಆರಂಭದಿಂದ ಕೊನೆಯವರೆಗೆ ಫಲಕ ನೆಟ್ಟಿರುವ ಜಗತ್ತಿನ ಅತಿ ಉದ್ದದ ಸೈಕಲ್ ದಾರಿ ಎಂದು ಅದು ಗಿನ್ನೆಸ್ ದಾಖಲೆ ಪುಸ್ತಕಕ್ಕೂ ಸೇರಿತು. ಈ ದಾರಿ ಹೇಗೆ ಕೂಡಿತು ಎಂಬುದೊಂದು ಕಥೆ. ಕೂಡಿದ ಹತ್ತು ಹದಿನೈದು ವರ್ಷಗಳಲ್ಲಿಯೇ ಹೇಗೆ ಕಡಿಯಿತು ಎಂಬುದು ಇನ್ನೊಂದು. ಎರಡನ್ನೂ ಹೇಳದೆ ಬಿಟ್ಟರೆ ಚರಿತ್ರೆ ಪೂರ್ತಿಯಾಗದು.

ಮೊದಲು ಸಂಘಗಳ ವಿಚಾರ. 1878ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಎಂಬ ಊರಿನಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. ಆಗಿನದು ಮುಂದೆ ಆಳೆತ್ತರದ ಚಕ್ರ, ಹಿಂದೆ ಅಂಗೈಯಗಲದ ಚಕ್ರ ಇರುತ್ತಿದ್ದ ಸೈಕಲ್. ಬ್ರೇಕು ಇದ್ದೂ ಇಲ್ಲದಂತೆ. ಹೀಗಾಗಿ ಸಂಘದವರು ಅಪಾಯದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ತಾವೇ ನೆಟ್ಟರು. 1883ರಲ್ಲಿ ನೆದರ್ಲೆಂಡ್ಸಿನವರೂ ಅಂಥದೇ ಸಂಘ ಕಟ್ಟಿಕೊಂಡರು. ಅವರು 1894ರಿಂದ ಊರೂರ ಕವಲುಗಳಲ್ಲಿ ದಾರಿಕಂಬಗಳನ್ನು ನಿಲ್ಲಿಸಿದರು. ಮುಂದೆ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಕಾಡುದಾರಿ ಹೊಲದಾರಿಗಳಿಗಾಗಿ ಅಣಬೆಯ ಆಕಾರದ ಗಿಡ್ಡ ಗುರುತುಗಳನ್ನು ಇಡತೊಡಗಿದರು. ಸೈಕಲ್ಲಿನ ಮೇಲೆ ಕುಳಿತವನಿಗೆ ಓದಲು ಅನುಕೂಲ, ಗಾಳಿಗೆ ಬೀಳುವ ಭಯವಿಲ್ಲ. ಆ ಅಣಬೆಗಳು ಇಂದಿಗೂ ಆ ದೇಶದಲ್ಲಿ ಕಾಣಸಿಗುತ್ತವೆ. ವರ್ಷಕ್ಕೊಂದು ಸಭೆ, ಒಂದು ವಿಶೇಷಾಂಕ, ಒಂದು ಊಟ ಇಷ್ಟಕ್ಕೇ ಸಂಘ ಎನ್ನುವ ನಾವು ಈ ಕೆಲಸವನ್ನು ಗಮನಿಸಬೇಕು. ಸರಕಾರಗಳು ರಸ್ತೆಗೆ ಫಲಕ ಹಾಕಬೇಕೆಂದು ಎಚ್ಚತ್ತುಕೊಳ್ಳುವ ಮೊದಲೇ ಚಂದಾದಾರರ ಹಣದಿಂದ ದೇಶಕ್ಕೆ ದೇಶವೇ ದಾರಿ ತಿಳಿಯುವಂತಾಯಿತು. ಕಾಲ ಕಳೆದಂತೆ ಆ ಡಚ್ ಸೈಕಲ್ ಸಂಘ ಮುಖ್ಯವಾಗಿ ಮೋಟಾರು ಕಾರಿನವರ ಸಂಘವಾಯಿತೆಂಬುದು ಬೇರೆ ಮಾತು.

ಸೈಕಲ್ ಹೆಚ್ಚಿದಂತೆ ಸರಕಾರದ ಕಣ್ಣೂ ಅದರ ಮೇಲೆ ಬಿತ್ತು. ನೆದರ್ಲೆಂಡ್ಸಿನಲ್ಲಿ 1924ರಲ್ಲಿ ಸೈಕಲ್ ತೆರಿಗೆ ಬಂತು. ವರ್ಷಕ್ಕೆ ಮೂರು ಗಿಲ್ಡರ್ ಕೊಟ್ಟು ಲೋಹದ ಬಿಲ್ಲೆ ಪಡೆದು ಸೈಕಲ್ಲಿಗೆ ಸಿಕ್ಕಿಸಬೇಕು. ನಮ್ಮ ಹಿರಿಯರ ಸೈಕಲ್ಲುಗಳಿಗೆ ಮುನಿಸಿಪಾಲಿಟಿಯವರು ಕಟ್ಟಿಸುತ್ತಿದ್ದ ಬಿಲ್ಲೆ ನೆನಪಿರುವವರಿಗೆ ಇದು ಹೊಸತೆನಿಸದು. ಡಚ್ಚರಲ್ಲಿ ಇನ್ನೊಂದು ವಿಶೇಷವಿತ್ತು. ನಿರುದ್ಯೋಗಿಗಳಿಗೆ ಬಿಲ್ಲೆ ಪುಕ್ಕಟೆ. ಆದರೆ ಅದರಲ್ಲಿ ಒಂದು ತೂತು. ಬಡವನ ಸೈಕಲ್ ಎಂದು ಬೀದಿಯವರಿಗೆಲ್ಲ ದೂರದಿಂದಲೇ ತಿಳಿಯಲಿ ಎಂದಿರಬೇಕು. 1941ರಲ್ಲಿ ಈ ತೆರಿಗೆಯನ್ನು ತೆಗೆದುಹಾಕಿದವರು ದೇಶವನ್ನು ಆಕ್ರಮಿಸಿ ಕುಳಿತಿದ್ದ ಜರ್ಮನರು. ಮರುವರ್ಷವೇ, 1942ರಲ್ಲಿ, ಅದೇ ಜರ್ಮನರು ಸೈಕಲ್ಲುಗಳನ್ನೇ ಜಪ್ತಿ ಮಾಡತೊಡಗಿದರು. ತೆರಿಗೆ ಹೋಯಿತೆಂದು ಸಂತೋಷಪಟ್ಟವನ ಸೈಕಲ್ಲೂ ಹೋಯಿತು. ಯುದ್ಧ ಮುಗಿದು ಎಷ್ಟೋ ವರ್ಷಗಳವರೆಗೆ ಜರ್ಮನಿ ಮತ್ತು ನೆದರ್ಲೆಂಡ್ಸ್ ಫುಟ್‌ಬಾಲ್ ಆಟಗಳಲ್ಲಿ ಡಚ್ ಪ್ರೇಕ್ಷಕರು ಎದುರಾಳಿಗಳನ್ನು ಕಂಡು 'ನಮ್ಮ ಸೈಕಲ್ ವಾಪಸು ಕೊಡಿ' ಎಂದು ಕೂಗುತ್ತಿದ್ದರು.

ಯುದ್ಧದ ಗಾಯ ಸೈಕಲ್ಲಿಗೆ ಮಾತ್ರ ಆದದ್ದಲ್ಲ, ಈ ಇಡೀ ಕರಾವಳಿಗೆ ಆದದ್ದು. ಇಂಗ್ಲೆಂಡಿನಿಂದ ಸೈನ್ಯ ಬಂದಿಳಿಯಬಹುದೆಂದು ಹಿಟ್ಲರನ ಪಡೆ ನಾರ್ವೆಯಿಂದ ಫ್ರಾನ್ಸಿನ ದಕ್ಷಿಣದ ಗಡಿಯವರೆಗೆ ಕಾಂಕ್ರೀಟಿನ ಕೋಟೆಗಳನ್ನು ಕಟ್ಟಿತು, ಮರಳಿನಲ್ಲಿ ಸಿಡಿಮದ್ದುಗಳನ್ನು ಹೂತಿತು. ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಲ್ಲಿ ಹೂತಿದ್ದ ಮದ್ದುಗಳನ್ನು 1945ರಲ್ಲಿ ಜರ್ಮನ್ ಯುದ್ಧಕೈದಿಗಳ ಕೈಯಿಂದಲೇ ತೆಗೆಸಲಾಯಿತು. ಆ ಕೆಲಸದಲ್ಲಿ ಸತ್ತವರು, ಕೈಕಾಲು ಕಳೆದುಕೊಂಡವರು ಅನೇಕರು. ಅವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಆ ಕರಾವಳಿಯ ಸ್ಕಾಲಿಂಗೆನ್ ಎಂಬ ಭೂಶಿರ ಪೂರ್ತಿ ನಿರಪಾಯವೆಂದು ಘೋಷಣೆಯಾದದ್ದು 2012ರಲ್ಲಿ. ಅಂದರೆ ನಾವು ಹೇಳುತ್ತಿರುವ ಸೈಕಲ್ ದಾರಿ ಉದ್ಘಾಟನೆಯಾಗಿ 11 ವರ್ಷ ಕಳೆದ ಮೇಲೆ! ದಾರಿ ತೋರುವ ಹೊಸ ಫಲಕಗಳು ಬಂದಾಗಲೂ, 'ಇತ್ತ ಬರಬೇಡಿ' ಎನ್ನುವ ಹಳೆಯ ಎಚ್ಚರಿಕೆ ಅದೇ ತೀರದಲ್ಲಿ ಉಳಿದೇ ಇತ್ತು.

ಯುದ್ಧದ ನಂತರದ 25 ವರ್ಷಗಳು ಮೋಟಾರಿನವು. ಸೈಕಲ್ ತುಳಿಯುವವನು ಬಡವ ಅಥವಾ ಹಳೆಯ ಕಾಲದವ ಎಂಬ ಭಾವನೆ ಆ ಶ್ರೀಮಂತ ದೇಶಗಳಲ್ಲಿಯೂ ಬೇರೂರಿತು. ಅದರ ಲೆಕ್ಕ ಬೇಗ ಸಿಕ್ಕಿತು. 1971ರ ಒಂದೇ ವರ್ಷದಲ್ಲಿ ನೆದರ್ಲೆಂಡ್ಸಿನಂಥ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಘೋಷಣೆಯೊಂದಿಗೆ ಬೀದಿಗಿಳಿದರು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂತು. ಆ ವರ್ಷದ ನವೆಂಬರಿನಿಂದ ಭಾನುವಾರಗಳಂದು ಕಾರು ಓಡಿಸಬಾರದೆಂದು ಅಲ್ಲಿ ನಿಷೇಧ ಹೇರಬೇಕಾಯಿತು, ಡೆನ್ಮಾರ್ಕಿನಲ್ಲಿಯೂ ಹಾಗೆಯೇ. ಮೋಟಾರು ಹೆದ್ದಾರಿಯ ಮೇಲೆ ಜನ ಸೈಕಲ್ ಬಿಟ್ಟರು, ಮಕ್ಕಳು ಜಾರುಗಾಲಿ ಕಟ್ಟಿಕೊಂಡು ಆಡಿದರು. ಸೈಕಲ್ಲಿಗೆಂದೇ ಪ್ರತ್ಯೇಕ ದಾರಿ ಬೇಕೆಂಬ ಬೇಡಿಕೆಗೆ ಕಿವಿ ಸಿಕ್ಕಿದ್ದು ಆಮೇಲೆ. ಒಳ್ಳೆಯ ಮಾತನ್ನು ಹಲವು ವರ್ಷ ಹೇಳಿದರೂ ಕೇಳದ ಸರಕಾರ ಪೆಟ್ರೋಲಿನ ಬೆಲೆ ಏರಿದ ತಿಂಗಳಲ್ಲಿ ಕೇಳುತ್ತದೆ ಎಂಬುದಕ್ಕೆ ದೇಶಭೇದವಿಲ್ಲ.

1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ಗ್ರಿಮ್‌ಶಾ ಎಂಬ ಎಂಜಿನಿಯರು ಮತ್ತು ಸಂಗಡಿಗರು ಕೂಡಿ ಒಂದು ಗುಂಪು ಕಟ್ಟಿದರು. ರೈಲು ನಿಂತುಹೋಗಿದ್ದ ಹಳೆಯ ಹಳಿಯ ಜಾಗವನ್ನು ಹಿಡಿದು, ಸ್ವಯಂಸೇವಕರಿಂದ ಜಲ್ಲಿ ಹಾಕಿಸಿ, ಬ್ರಿಸ್ಟಲ್ಲಿನಿಂದ ಬಾತ್ ನಗರದವರೆಗೆ ಸೈಕಲ್ ದಾರಿ ಮಾಡಿದರು. ಇದೇ ಗುಂಪು ಮುಂದೆ 'ಸಸ್ಟ್ರಾನ್ಸ್' ಎಂಬ ಹೆಸರು ಪಡೆಯಿತು. 1995ರಲ್ಲಿ ಲಾಟರಿ ನಿಧಿಯಿಂದ 4 ಕೋಟಿಗೂ ಮಿಕ್ಕ ಪೌಂಡ್ ಅನುದಾನ ಪಡೆದು ಬ್ರಿಟನ್ನಿನಾದ್ಯಂತ ಸೈಕಲ್ ದಾರಿಗಳ ಜಾಲ ಹೆಣೆಯತೊಡಗಿತು. ಅತ್ತ ಡೆನ್ಮಾರ್ಕ್ 1993ರಲ್ಲಿಯೇ 10 ರಾಷ್ಟ್ರೀಯ ಸೈಕಲ್ ದಾರಿಗಳನ್ನು ಗುರುತಿಸಿತ್ತು. ದೇಶದೇಶಗಳ ಸೈಕಲ್ ಸಂಘಗಳು 1983ರಲ್ಲಿ ಒಂದು ಯೂರೋಪಿಯನ್ ಒಕ್ಕೂಟವನ್ನೂ ಮಾಡಿಕೊಂಡಿದ್ದವು. ಈ ಒಕ್ಕೂಟ, ಸಸ್ಟ್ರಾನ್ಸ್ ಮತ್ತು ಡೆನ್ಮಾರ್ಕಿನ 'ಸ್ವತಂತ್ರ ಹಕ್ಕಿಗಳು' ಎಂಬ ಅರ್ಥದ ಹೆಸರಿನ ಪುಟ್ಟ ಸಂಸ್ಥೆ ಮೂರೂ ಸೇರಿ 1995ರಲ್ಲಿ 'ಯೂರೋವೆಲೊ' ಎಂಬ ಯೋಜನೆ ಮುಂದಿಟ್ಟವು: ಇಡೀ ಯೂರೋಪಿಗೆ 12 ಮಹಾದಾರಿಗಳು. ಅವುಗಳಲ್ಲಿ 12ನೆಯದೇ ಉತ್ತರ ಸಮುದ್ರದ ದಾರಿ.

ಇಲ್ಲಿ ಒಂದು ಸ್ವಾರಸ್ಯ. ಬ್ರಿಟನ್ನಿನಲ್ಲಿ ಡೋವರಿನಿಂದ ಷೆಟ್ಲೆಂಡ್ ದ್ವೀಪಗಳವರೆಗೆ ಪೂರ್ವ ಕರಾವಳಿಯುದ್ದಕ್ಕೂ ಹೋಗುವ ದಾರಿಗೆ ಅವರ ದೇಶದ ಸಂಖ್ಯೆ 1. ಡೆನ್ಮಾರ್ಕಿನಲ್ಲಿ ಜರ್ಮನಿಯ ಗಡಿಯಿಂದ ಉತ್ತರ ತುದಿಯ ಸ್ಕಾಗೆನ್‌ವರೆಗಿನ ಕರಾವಳಿ ದಾರಿಗೂ ಸಂಖ್ಯೆ 1. ನಾರ್ವೆಯ ಕರಾವಳಿ ದಾರಿಗೂ 1. ನೆದರ್ಲೆಂಡ್ಸಿನ ದಕ್ಷಿಣದ ಕರಾವಳಿ ದಾರಿಗೂ ಆಗ 1. ಮನೆಗೆ ಬಾಗಿಲು ಎಲ್ಲಿಂದ ಎಂದು ಕೇಳಿದರೆ ನಾಲ್ವರೂ ಕಡಲಿನ ಕಡೆಗೇ ಕೈ ತೋರಿಸಿದಂತಾಯಿತು.

ಯಾರೂ 6,000 ಕಿಲೋಮೀಟರು ಹೊಸ ರಸ್ತೆ ಕಟ್ಟಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದ್ದ ಹಳ್ಳಿದಾರಿ, ಕಡಲಕಟ್ಟೆಯ ಮೇಲಿನ ದಾರಿ, ಹಳೆಯ ರೈಲುದಾರಿ, ಪೇಟೆಬೀದಿ, ದಾಟುಹಡಗು ಇವನ್ನು ಸರಕ್ಕೆ ಮಣಿ ಪೋಣಿಸಿದಂತೆ ಪೋಣಿಸಿ, ಕವಲುಕವಲಿಗೆ ಫಲಕ ನೆಟ್ಟರು. ಇದಕ್ಕೆ ಹಣದ ಒಂದು ಪಾಲು ಯೂರೋಪಿಯನ್ ಒಕ್ಕೂಟದ ಗಡಿಯಾಚೆಯ ಸಹಕಾರ ನಿಧಿಯಾದ ಇಂಟರ್‌ರೆಗ್‌ನಿಂದ ಬಂತು. ಉಳಿದದ್ದನ್ನು ಜಿಲ್ಲಾ ಮಂಡಳಿಗಳು, ಪುರಸಭೆಗಳು ಹಾಕಿದವು. ಒಂದು ಕಡತ ನಮ್ಮ ವಿಭಾಗದಿಂದ ಎದುರಿನ ವಿಭಾಗಕ್ಕೆ ಹೋಗಿ ಬರಲು ಎಷ್ಟು ದಿನ ಬೇಕೆಂದು ಬಲ್ಲ ನಮ್ಮಂಥ ಗುಮಾಸ್ತರಿಗೆ ಇದು ಸಣ್ಣ ಕೆಲಸವಾಗಿ ಕಾಣದು. ಭಾಷೆ ಬೇರೆ, ನಾಣ್ಯ ಬೇರೆ. ಬ್ರಿಟನ್ನಿನಲ್ಲಿ ಎಡಕ್ಕೆ ಓಡಿಸಬೇಕು, ಉಳಿದೆಡೆ ಬಲಕ್ಕೆ. ಸ್ವೀಡನ್ ಕೂಡ 1967ರ ಸೆಪ್ಟೆಂಬರ್ 3ರವರೆಗೆ ಎಡಕ್ಕೇ ಓಡಿಸುತ್ತಿತ್ತು. ನಾರ್ವೆಯಂತೂ ಒಕ್ಕೂಟದ ಸದಸ್ಯನೇ ಅಲ್ಲ. 1972ರಲ್ಲಿ ಮತ್ತು 1994ರಲ್ಲಿ ಎರಡು ಬಾರಿ ಜನಮತ ಕೇಳಿದಾಗಲೂ ಅಲ್ಲಿನವರು ಬೇಡವೆಂದರು. ಆದರೂ ಕೆಲಸದಲ್ಲಿ ಪಾಲುಗೊಂಡರು. ಫಲಕದ ಬಣ್ಣವನ್ನು ಒಂದೇ ಮಾಡಬೇಕೆಂಬ ಹಟಕ್ಕೆ ಯಾರೂ ಬೀಳಲಿಲ್ಲ. ಬ್ರಿಟನ್ನಿನದು ನೀಲಿಯಲ್ಲಿ ಕೆಂಪು ಚೌಕ, ಡೆನ್ಮಾರ್ಕಿನದು ನೀಲಿ, ನಾರ್ವೆಯದು ದಟ್ಟ ಕಂದುಗೆಂಪು. ಕೆಲಸ ಕೂಡಿಬಂದದ್ದು ಈ ಜಾಣತನದಿಂದ ಎಂದು ನಮ್ಮ ಅಭಿಪ್ರಾಯ.

ದಾರಿಯ ಎಲ್ಲ ಊರುಗಳನ್ನೂ ಇಲ್ಲಿ ಹೇಳಲಾಗದು. ನಾರ್ವೆಯ ಬರ್ಗೆನ್ ನಗರದ ಬಂದರುಕಟ್ಟೆಯಲ್ಲಿ ಜರ್ಮನ್ ವರ್ತಕಸಂಘವಾದ ಹಾನ್ಸಾದವರ ಮರದ ಮಳಿಗೆಗಳ ಸಾಲಿದೆ. ಆ ಸಂಘದವರು 15ನೆಯ ಶತಮಾನದಲ್ಲಿ ಕಟ್ಟಿದ ಉಗ್ರಾಣವೊಂದು ಕಡಲಿನ ಈಚೆ ದಂಡೆಯ ಇಂಗ್ಲಿಷ್ ಪಟ್ಟಣ ಕಿಂಗ್ಸ್ ಲಿನ್‌ನಲ್ಲಿ ಇಂದಿಗೂ ನಿಂತಿದೆ. ಒಣಮೀನು, ಉಣ್ಣೆ, ಧಾನ್ಯ ತುಂಬಿದ ಹಡಗುಗಳ ಆ ಹಳೆಯ ಬಳಕೆಯನ್ನೇ ಸೈಕಲ್ ದಾರಿ ಹಿಂಬಾಲಿಸುತ್ತದೆ. ಜರ್ಮನಿಯ ಕರಾವಳಿಯಲ್ಲಿ ದಾರಿ ಕಡಲಕಟ್ಟೆಯ ಗುಂಟ ಸಾಗುತ್ತದೆ. ಕಟ್ಟೆಯ ಮೇಲೆ ಕುರಿಗಳು. ಅವು ಹುಲ್ಲು ಮೇಯುತ್ತ ಗೊರಸಿನಿಂದ ಮಣ್ಣನ್ನು ಗಟ್ಟಿಮಾಡುತ್ತವೆಂದು ಬೇಕೆಂದೇ ಬಿಟ್ಟಿರುತ್ತಾರೆ. ಸವಾರನು ಪ್ರತಿ ಬೇಲಿಯ ಬಳಿ ಇಳಿದು, ದಡ್ಡೆ ತೆರೆದು, ದಾಟಿ, ಮತ್ತೆ ಮುಚ್ಚಬೇಕು.

ಏರಿಳಿತವಿಲ್ಲದ ನಾಡು ಸುಲಭವೆಂದುಕೊಂಡವನಿಗೆ ಗಾಳಿ ಪಾಠ ಕಲಿಸುತ್ತದೆ. ಗಾಳಿಯ ತಡೆ ನಮಗೂ ಗಾಳಿಗೂ ಇರುವ ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ 20 ಕಿಲೋಮೀಟರು ವೇಗದ ಗಾಳಿ ಎದುರಾದರೆ ತಡೆ ಐದು ಪಟ್ಟಿಗೂ ಹೆಚ್ಚಾಯಿತು. ಆ ಕಡಲಿನ ಮೇಲೆ ನೈಋತ್ಯದ ಗಾಳಿಯೇ ಹೆಚ್ಚು. ಹಾಗಾಗಿ ನೆದರ್ಲೆಂಡ್ಸಿನಿಂದ ಡೆನ್ಮಾರ್ಕಿನತ್ತ ಹೋಗುವವನನ್ನು ಅದು ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ, ಬರುವವನ ಎದೆಗೆ ಕೈಯಿಟ್ಟು ನಿಲ್ಲಿಸುತ್ತದೆ.

ನೆದರ್ಲೆಂಡ್ಸಿನ ಭಾಗದಲ್ಲಿ ಸ್ವಲ್ಪ ನಿಲ್ಲಬೇಕು. 1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ದೊಡ್ಡ ಭರತವೂ ಒಂದೇ ಹೊತ್ತಿಗೆ ಕೂಡಿ ಕಡಲು ಕಟ್ಟೆ ಒಡೆದು ಒಳನುಗ್ಗಿತು. ಅಲ್ಲಿ 1,836 ಮಂದಿ ಸತ್ತರು. ಎದುರು ದಂಡೆಯ ಇಂಗ್ಲೆಂಡಿನಲ್ಲಿ 307 ಮಂದಿ. ಆ ಬಳಿಕ ನದಿಮುಖಗಳನ್ನು ಮುಚ್ಚುವ ಡೆಲ್ಟಾ ಯೋಜನೆ ಆರಂಭವಾಯಿತು. ಅದರ ದೊಡ್ಡ ಭಾಗವಾದ ಪೂರ್ವ ಷೆಲ್ಟ್ ತಡೆಗೋಡೆ ಸುಮಾರು 9 ಕಿಲೋಮೀಟರು ಉದ್ದದ್ದು, 1986ರಲ್ಲಿ ಉದ್ಘಾಟನೆಯಾಯಿತು. ಅದನ್ನು ಪೂರ್ತಿ ಮುಚ್ಚಿದ ಗೋಡೆಯಾಗಿ ಕಟ್ಟುವುದೆಂದೇ ಮೊದಲ ಯೋಜನೆಯಿತ್ತು. ಮೀನುಗಾರರೂ ನಿಸರ್ಗಪ್ರಿಯರೂ ವಿರೋಧಿಸಿದ್ದರಿಂದ, ಬಿರುಗಾಳಿ ಬಂದಾಗ ಮಾತ್ರ ಇಳಿಸುವ ಉಕ್ಕಿನ ಬಾಗಿಲುಗಳನ್ನು ಇಟ್ಟರು. ಸೈಕಲ್ ದಾರಿ ಈ ತಡೆಗೋಡೆಯ ಮೇಲೆಯೇ ಹಾಯುತ್ತದೆ. ಒಂದು ಪಕ್ಕದಲ್ಲಿ ತೆರೆದ ಕಡಲು, ಇನ್ನೊಂದು ಪಕ್ಕದಲ್ಲಿ ಪಳಗಿದ ನೀರು, ನಡುವೆ ಸೈಕಲ್ಲಿನವನು.

ಇನ್ನು ಕಡಿದ ಕಥೆ. ಬಳೆ ಪೂರ್ತಿಯಾಗಬೇಕಾದರೆ ಎರಡು ಕಡೆ ಕಡಲು ದಾಟಬೇಕು: ದಕ್ಷಿಣದಲ್ಲಿ ಇಂಗ್ಲೆಂಡಿಗೂ ನೆದರ್ಲೆಂಡ್ಸಿಗೂ ನಡುವೆ, ಉತ್ತರದಲ್ಲಿ ಬ್ರಿಟನ್ನಿಗೂ ನಾರ್ವೆಗೂ ನಡುವೆ. ದಾರಿ ತೆರೆದಾಗ ಉತ್ತರದಲ್ಲಿ ಷೆಟ್ಲೆಂಡಿನಿಂದ ಬರ್ಗೆನ್ನಿಗೆ ಬೇಸಗೆಯ ಹಡಗಿತ್ತು, ನ್ಯೂಕಾಸಲ್ಲಿನಿಂದಲೂ ಬರ್ಗೆನ್ನಿಗೆ ಹಡಗಿತ್ತು. ಮೊದಲನೆಯದು 2000ರ ದಶಕ ಮುಗಿಯುವುದರೊಳಗೆ ನಿಂತಿತು. ಎರಡನೆಯದು 19ನೆಯ ಶತಮಾನದಿಂದ ನಡೆದುಬಂದ ಮಾರ್ಗ. 2008ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಇಂಗ್ಲೆಂಡಿನ ಹಾರ್ವಿಚ್‌ನಿಂದ ಡೆನ್ಮಾರ್ಕಿನ ಎಸ್‌ಬ್ಯರ್ಗ್‌ಗೆ ಸುಮಾರು 140 ವರ್ಷಗಳಿಂದ ಇದ್ದ ಹಡಗು 2014ರ ಸೆಪ್ಟೆಂಬರಿನಲ್ಲಿ ಕೊನೆಯ ಯಾನ ಮಾಡಿತು.

ಕಾರಣಗಳು ಹಲವು. ಹಡಗಿನಲ್ಲಿ ಸುಂಕವಿಲ್ಲದೆ ಮದ್ಯ ಸಿಗರೇಟು ಮಾರುವ ಸೌಲಭ್ಯ ಒಕ್ಕೂಟದ ದೇಶಗಳ ನಡುವೆ 1999ರಲ್ಲಿ ರದ್ದಾಯಿತು. ಲಾಭದ ದೊಡ್ಡ ಪಾಲು ಅದರಿಂದಲೇ ಬರುತ್ತಿತ್ತು. ಅಗ್ಗದ ವಿಮಾನಗಳು ಬಂದವು. ಎಣ್ಣೆಯ ಬೆಲೆ ಏರಿತು. ಕೊನೆಯ ಪೆಟ್ಟು ಗಂಧಕದ್ದು. ಹಡಗಿನ ಎಣ್ಣೆ ಶುದ್ಧೀಕರಣದಲ್ಲಿ ತಳಕ್ಕುಳಿಯುವ ಮಡ್ಡಿ. ಅದರಲ್ಲಿರುವ ಗಂಧಕ ಉರಿದು ಆಮ್ಲಮಳೆಗೆ ಕಾರಣವಾಗುತ್ತದೆ. ಉತ್ತರ ಸಮುದ್ರದಲ್ಲಿ ಓಡುವ ಹಡಗುಗಳ ಎಣ್ಣೆಯಲ್ಲಿ ಗಂಧಕವು ಶೇಕಡಾ 1ರ ಬದಲು 0.1ಕ್ಕಿಂತ ಹೆಚ್ಚಿರಬಾರದೆಂಬ ನಿಯಮ 2015ರ ಜನವರಿಯಿಂದ ಜಾರಿಗೆ ಬರಲಿತ್ತು. ಶುದ್ಧವಾದ ಎಣ್ಣೆ ದುಬಾರಿ. ಆ ಖರ್ಚು ತಡೆಯಲಾಗದೆಂದು ಎಸ್‌ಬ್ಯರ್ಗ್ ಮಾರ್ಗದ ಕಂಪನಿ ಹೇಳಿತು. ನಿಯಮ ಸರಿಯಾದದ್ದೇ, ಅದನ್ನು ದೂರುವಂತಿಲ್ಲ. ಆದರೆ ಗಾಳಿ ಶುದ್ಧವಾಗಲೆಂದು ಮಾಡಿದ ನಿಯಮ ಹೊಗೆಯೇ ಇಲ್ಲದ ಸೈಕಲ್ಲಿನವನ ಹಡಗನ್ನು ನಿಲ್ಲಿಸಿ, ಅವನನ್ನು ವಿಮಾನದ ಕಡೆಗೆ ಅಟ್ಟಿತು. ಎರಡೂ ಕಡತಗಳು ಬೇರೆ ಬೇರೆ ಮೇಜಿನ ಮೇಲಿದ್ದವು. ಫಲಕಕ್ಕೆ ಹಣ ಕೊಟ್ಟ ಯಾರಿಗೂ ಹಡಗಿನ ಮೇಲೆ ಅಧಿಕಾರವಿರಲಿಲ್ಲ. ಹಡಗಿನವನಿಗೆ ಸೈಕಲ್ಲಿನವನ ಟಿಕೇಟಿನಿಂದ ಹೊಟ್ಟೆ ತುಂಬುವಂತಿರಲಿಲ್ಲ.

ನಮ್ಮ ಕರಾವಳಿಯಿಂದ ಮುಂಬಯಿಗೆ ಬಂದ ಹಳೆಯ ತಲೆಮಾರಿನವರಿಗೆ ಇದು ಬೇಗ ಅರ್ಥವಾದೀತು. ಅವರಲ್ಲಿ ಎಷ್ಟೋ ಮಂದಿ ಬಂದದ್ದು ಹಡಗಿನಲ್ಲಿ. ಮಳೆಗಾಲದಲ್ಲಿ ಅದೂ ಇಲ್ಲ. ಬಸ್ಸು ಬಂತು, ಆಮೇಲೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಹೊಳೆಹೊಳೆಗೆ ಸೇತುವೆಯಾದಂತೆ ತಾರಿಗಳೂ ಒಂದೊಂದಾಗಿ ನಿಂತವು. ನಮ್ಮಲ್ಲಿ ಹಡಗು ಹೋದದ್ದಕ್ಕೆ ಬದಲಿ ದಾರಿ ಸಿಕ್ಕಿತು. ಬರ್ಗೆನ್ನಿನ ಕಟ್ಟೆಯ ಮೇಲೆ ಸೈಕಲ್ ಹಿಡಿದು ನಿಂತವನಿಗೆ ಎದುರಿನ ದಂಡೆಗೆ ಬದಲಿ ಸಿಕ್ಕಲಿಲ್ಲ.

ನೆಲದ ಮೇಲಿನ ದಾರಿಯೂ ತಾನಾಗಿ ಉಳಿಯುವುದಲ್ಲ. ನಾರ್ವೆಯಲ್ಲಿ ದ್ವೀಪಗಳ ನಡುವೆ ದೋಣಿಗಳ ಬದಲು ಕಡಲಡಿಯ ಸುರಂಗಗಳನ್ನು ಕೊರೆದರು. ಸ್ಟಾವಾಂಗರ್ ಬಳಿಯ ಬೀಫ್ಯೋರ್ಡ್‌ನಂಥ ಸುರಂಗಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಬ್ರಿಟನ್ನಿನಲ್ಲಿ ಸಸ್ಟ್ರಾನ್ಸ್ 2018ರಲ್ಲಿ ತನ್ನ ಜಾಲವನ್ನು ತಾನೇ ತಪಾಸಣೆ ಮಾಡಿ ವರದಿ ಪ್ರಕಟಿಸಿತು. ಅತ್ಯುತ್ತಮವೆನ್ನಬಹುದಾದದ್ದು ಶೇಕಡಾ 1. ಕಳಪೆ ಅಥವಾ ತೀರಾ ಕಳಪೆ ಶೇಕಡಾ 40ಕ್ಕೂ ಹೆಚ್ಚು. ಮರುವರ್ಷಗಳಲ್ಲಿ ವಾಹನ ಹೆಚ್ಚಿದ ರಸ್ತೆಗಳ ಮೇಲಿನ ಭಾಗಗಳನ್ನು, ಒಟ್ಟು ಜಾಲದ ಸುಮಾರು ಕಾಲು ಪಾಲನ್ನು, 2020ರಲ್ಲಿ ಪಟ್ಟಿಯಿಂದ ತೆಗೆದರು ಅಥವಾ ಬೇರೆ ವರ್ಗಕ್ಕೆ ಸೇರಿಸಿದರು. ತನ್ನ ಕೆಲಸದ ಬಗೆಗೆ ತಾನೇ ಇಷ್ಟು ನಿಷ್ಠುರವಾದ ಲೆಕ್ಕಪರಿಶೋಧನೆ ಬರೆದು ಅಚ್ಚು ಹಾಕಿಸಿದ ಸಂಸ್ಥೆಗಳು ಕಡಮೆ. ಅದೇ ವರ್ಷದ ಜನವರಿ 31ರಂದು ಬ್ರಿಟನ್ ಯೂರೋಪಿಯನ್ ಒಕ್ಕೂಟವನ್ನು ಬಿಟ್ಟಿತು. ಬಳೆಯ ಪಡುವಣ ಅರ್ಧ ಹೀಗೆ ಒಕ್ಕೂಟದ ಹೊರಗಾಯಿತು. ಇಷ್ಟಾದರೂ ದಾರಿ ಕುಗ್ಗಿಲ್ಲ. ಬೆಲ್ಜಿಯಮ್ ಮತ್ತು ಫ್ರಾನ್ಸಿನ ತೀರಗಳೂ ಅದಕ್ಕೆ ಸೇರಿಕೊಂಡಿವೆ.

ಈಗ ಈ ಕಡಲನ್ನು ಸುತ್ತಬೇಕೆನ್ನುವವರು ನಾರ್ವೆಯಿಂದ ಡೆನ್ಮಾರ್ಕಿಗೆ ಹಡಗು ಹಿಡಿದು, ಜರ್ಮನಿ ನೆದರ್ಲೆಂಡ್ಸುಗಳ ಮೂಲಕ ದಕ್ಷಿಣಕ್ಕೆ ಬಂದು, ಆಮ್‌ಸ್ಟರ್‌ಡಾಮ್ ಬಳಿಯ ಐಮೌಡನ್ನಿನಿಂದ ಸಂಜೆಯ ಹಡಗಿನಲ್ಲಿ ನ್ಯೂಕಾಸಲ್ಲಿಗೆ ಹೋಗುತ್ತಾರೆ. ಬೆಳಿಗ್ಗೆ ಇಳಿಯುವುದು ಟೈನ್ ನದಿಯ ಮುಖದಲ್ಲಿ. ಅಲ್ಲಿಂದ ಕೆಲವು ಮೈಲಿ ಮೇಲಕ್ಕೆ, ನದಿಯ ತಳದಲ್ಲಿ, 1951ರಲ್ಲಿ ತೆರೆದ ಜೋಡಿ ಸುರಂಗವಿದೆ: ಒಂದು ನಡೆಯುವವರಿಗೆ, ಇನ್ನೊಂದು ಸೈಕಲ್ಲಿನವರಿಗೆಂದೇ. ಹಡಗುಕಟ್ಟೆಯ ಕೆಲಸಗಾರರು ಪಾಳಿಗೆ ಹೋಗಿಬರಲೆಂದು ಕಟ್ಟಿದ್ದು. ಉದ್ದ ಸುಮಾರು 270 ಮೀಟರು. ಕಾರ್ಖಾನೆಗಳು ಮುಚ್ಚಿ ಜನ ಕಡಮೆಯಾದರು, ದುರಸ್ತಿಗೆಂದು 2013ರಲ್ಲಿ ಸುರಂಗವನ್ನೂ ಮುಚ್ಚಿದರು. ಕೆಲಸ ಎಳೆದಾಡಿ ಆರು ವರ್ಷ ಹಿಡಿಯಿತು. 2019ರ ಆಗಸ್ಟಿನಲ್ಲಿ ಅದು ಮತ್ತೆ ತೆರೆಯಿತು.